ಗಾಯಾಳುವಿದ್ದಲ್ಲಿಗೆ ನಡೆದ ಶಸ್ತ್ರವೈದ್ಯ: ಡಾ. ನಾರ್ಮನ್ ಬೆಥೂನ್

ಶಿವಯೋಗಿ ಸಿದ್ಧರಾಮರ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿ, ಚೀನಾ ದೇಶದ ಹಳ್ಳಿಯೊಂದರಲ್ಲಿ ತಮ್ಮ 32ನೆಯ ವಯಸ್ಸಿಗೇ ದೇಹವಿಟ್ಟ ಡಾ. ದ್ವಾರಕಾನಾಥ ಕೋಟ್ನೀಸರ ಹೆಸರು ಹಿರಿಯ ತಲೆಮಾರಿನವರಿಗೆ ಅಪರಿಚಿತವಲ್ಲ. 1946ರಲ್ಲಿ ವಿ. ಶಾಂತಾರಾಮರು ಅವರ ಜೀವನವನ್ನು ಚಲನಚಿತ್ರವಾಗಿಸಿ ಊರೂರಿಗೂ ತಲುಪಿಸಿದರು. ಆದರೆ ಕೋಟ್ನೀಸರು 1941ರಲ್ಲಿ ಮುಖ್ಯಸ್ಥರಾಗಿ ವಹಿಸಿಕೊಂಡ ಆ ಪರ್ವತಪ್ರಾಂತದ ಆಸ್ಪತ್ರೆಗೆ ಅದಾಗಲೇ ಒಬ್ಬ ವಿದೇಶೀಯ ವೈದ್ಯನ ಹೆಸರಿತ್ತೆಂಬುದನ್ನೂ, ಆ ವೈದ್ಯನು ನಡೆದು ಮುಗಿಸಿದ ದಾರಿಯಲ್ಲಿಯೇ ಕೋಟ್ನೀಸರು ಹೆಜ್ಜೆಯಿಟ್ಟರೆಂಬುದನ್ನೂ ಬಲ್ಲವರು ವಿರಳ. ಆತನೇ ಕೆನಡಾ ದೇಶದ ಡಾ. ನಾರ್ಮನ್ ಬೆಥೂನ್.

ಹೆನ್ರಿ ನಾರ್ಮನ್ ಬೆಥೂನರು 1890ರ ಮಾರ್ಚ್ ತಿಂಗಳಲ್ಲಿ ಕೆನಡಾದ ಆಂಟೇರಿಯೋ ಪ್ರಾಂತದ ಗ್ರೇವನ್‌ಹರ್ಸ್ಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಮ್ಯಾಲ್ಕಮ್ ಕ್ರೈಸ್ತ ಪಾದ್ರಿಗಳು. ತಾಯಿ ಎಲಿಜಬೆತ್ ಆನ್ ದೃಢ ಶ್ರದ್ಧೆಯ ಗೃಹಿಣಿ. ಅಜ್ಜ ಇನ್ನೊಬ್ಬ ನಾರ್ಮನ್ ಬೆಥೂನ್, ಟೊರಾಂಟೊ ನಗರದಲ್ಲಿ ವೈದ್ಯಶಾಲೆಯನ್ನು ಕಟ್ಟಿದವರಲ್ಲೊಬ್ಬರಾದ ಶಸ್ತ್ರವೈದ್ಯರು. ಬಾಲಕನು ಅಜ್ಜನ ಹೆಸರಿನ ಹಿತ್ತಾಳೆ ಫಲಕವನ್ನು ತನ್ನ ಕೋಣೆಯ ಬಾಗಿಲಿಗೆ ತೂಗುಹಾಕಿಕೊಂಡಿದ್ದನಂತೆ. ಪಾದ್ರಿಗಳ ಮನೆಯ ಕಟ್ಟುನಿಟ್ಟೂ ಅಜ್ಜನ ಕತ್ತರಿ ಚಾಕುಗಳ ಮೋಹವೂ ಕಡೆಯವರೆಗೆ ಅವರನ್ನು ಬಿಡಲಿಲ್ಲ.

1909ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯವನ್ನು ಸೇರಿದ ಅವರು 1911ರಲ್ಲಿ ಓದನ್ನು ಕೆಲಕಾಲ ನಿಲ್ಲಿಸಿ, ಉತ್ತರದ ಕಾಡುಗಳಲ್ಲಿ ಮರ ಕಡಿಯುವವರ ಶಿಬಿರಕ್ಕೆ ಹೋದರು. ಹಗಲು ಕೂಲಿಗಳೊಡನೆ ಕೊಡಲಿ ಹಿಡಿದು ದುಡಿಯುವುದು, ರಾತ್ರಿ ಅದೇ ಕೂಲಿಗಳಿಗೆ ಅಕ್ಷರ ಕಲಿಸುವುದು: ಇದು ಫ್ರಂಟಿಯರ್ ಕಾಲೇಜ್ ಎಂಬ ಸಂಸ್ಥೆ ರೂಢಿಸಿದ್ದ ಪದ್ಧತಿ. ಶಾಲೆಯಿದ್ದಲ್ಲಿಗೆ ವಿದ್ಯಾರ್ಥಿ ಬರಲಾರದಿದ್ದಾಗ ವಿದ್ಯಾರ್ಥಿಯಿದ್ದಲ್ಲಿಗೆ ಶಾಲೆ ಹೋಗಬೇಕೆಂಬ ಈ ಏರ್ಪಾಡಿನಲ್ಲಿ ಇಪ್ಪತ್ತೊಂದರ ತರುಣನು ದುಡಿದ ದಿನಗಳನ್ನು, ಅವರ ಮುಂದಿನ ಬಾಳನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

1914ರಲ್ಲಿ ಮಹಾಯುದ್ಧವು ಆರಂಭವಾದಾಗ ಬೆಥೂನರು ಇನ್ನೂ ವೈದ್ಯಕೀಯ ವಿದ್ಯಾರ್ಥಿ. ಗಾಯಾಳುಗಳ ಡೋಲಿ ಹೊರುವವರಾಗಿ ಸೈನ್ಯಕ್ಕೆ ಸೇರಿ, 1915ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಕದನದಲ್ಲಿ ಸಿಡಿಗುಂಡಿನ ಚೂರಿನಿಂದ ಕಾಲಿಗೆ ಗಾಯ ಮಾಡಿಕೊಂಡು ಮರಳಿದರು. ರಣರಂಗದಲ್ಲಿ ಬಿದ್ದವನಿಗೂ ಶಸ್ತ್ರವೈದ್ಯನಿಗೂ ನಡುವೆ ಎಷ್ಟು ದೂರವಿರುತ್ತದೆಂಬುದನ್ನು ಅವರು ಮೊದಲು ಅರಿತದ್ದು ವೈದ್ಯರಾಗಿ ಅಲ್ಲ. ಡೋಲಿ ಹೊತ್ತ ಹೆಗಲಿನಿಂದ, ಬಳಿಕ ಡೋಲಿಯಲ್ಲಿ ಮಲಗಿದ ಮೈಯಿಂದ. 1916ರಲ್ಲಿ ವೈದ್ಯ ಪದವಿ ಪಡೆದು ಬ್ರಿಟಿಷ್ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದರು. ಯುದ್ಧಾನಂತರ ಲಂಡನ್ನಿನಲ್ಲಿ ಹೆಚ್ಚಿನ ವ್ಯಾಸಂಗ ಮಾಡಿ 1922ರಲ್ಲಿ ಎಡಿನ್‌ಬರೋದ ಎಫ್.ಆರ್.ಸಿ.ಎಸ್. ಆದರು. 1923ರಲ್ಲಿ ಫ್ರಾನ್ಸಿಸ್ ಪೆನ್ನಿ ಎಂಬ ಕನ್ಯೆಯನ್ನು ವರಿಸಿದರು. ಮರುವರ್ಷ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ವೃತ್ತಿ ಆರಂಭಿಸಿದರು. ಬಡವರ ಬೀದಿಯ ಕೆಲಸದಿಂದ ಹಣ ಬರಲಿಲ್ಲ. ಹಣವಂತರು ಬರತೊಡಗಿದಾಗ ಆರೋಗ್ಯ ಹೋಯಿತು. 1926ರಲ್ಲಿ ಅವರ ಶ್ವಾಸಕೋಶದಲ್ಲಿ ಕ್ಷಯರೋಗವು ಕಾಣಿಸಿಕೊಂಡಿತು.

ಆ ಕಾಲಕ್ಕೆ ಕ್ಷಯಕ್ಕೆ ಔಷಧಿಯಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ನ್ಯೂಯಾರ್ಕ್ ರಾಜ್ಯದ ಸಾರನಾಕ್ ಸರೋವರದ ತೀರದಲ್ಲಿದ್ದ ಟ್ರೂಡೋ ಆರೋಗ್ಯಧಾಮದಲ್ಲಿ ರೋಗಿಗಳಿಗೆ ವಿಧಿಸಿದ್ದ ಚಿಕಿತ್ಸೆಯೆಂದರೆ ಶುದ್ಧವಾಯು, ಪುಷ್ಟಿಕರ ಆಹಾರ, ಮಲಗಿರುವುದು. ಬೆಥೂನರಂಥ ಚಂಚಲ ಪ್ರಕೃತಿಯವರಿಗೆ ಮೂರನೆಯದೇ ಕಡುಕಷ್ಟ. ತಾನು ಸಾಯುವುದು ಖಂಡಿತವೆಂದು ನಂಬಿ, ತನ್ನೊಡನೆ ಹೆಂಡತಿಯ ಬಾಳು ಹಾಳಾಗಬಾರದೆಂದು ವಿಚ್ಛೇದನಕ್ಕೆ ಒತ್ತಾಯಿಸಿದರು. 1927ರಲ್ಲಿ ಅದು ಆಯಿತು. ಕುಟೀರದ ಗೋಡೆಗಳ ಮೇಲೆ ತಮ್ಮ ರೋಗದ ಕಥೆಯನ್ನು ಗರ್ಭದಿಂದ ಸಮಾಧಿಯವರೆಗೆ ಚಿತ್ರಮಾಲೆಯಾಗಿ ಬರೆದರು.

ಹೀಗಿರುವಾಗ ಆರೋಗ್ಯಧಾಮದ ಪುಸ್ತಕಗಳ ನಡುವೆ ಅಮೆರಿಕದ ಶಸ್ತ್ರವೈದ್ಯ ಜಾನ್ ಅಲೆಕ್ಸಾಂಡರರು ಶ್ವಾಸಕೋಶದ ಕ್ಷಯಕ್ಕೆ ಶಸ್ತ್ರಚಿಕಿತ್ಸೆಯ ಕುರಿತು ಬರೆದ ಗ್ರಂಥವು ಅವರ ಕೈಗೆ ಬಂದಿತು. ಎದೆಗೂಡಿನ ಒಳಗೋಡೆಗೂ ಶ್ವಾಸಕೋಶಕ್ಕೂ ನಡುವೆ ಎರಡು ತೆಳುಪೊರೆಗಳಿವೆ. ಅವುಗಳ ನಡುವಣ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ. ಆ ಕಾರಣದಿಂದಲೇ ಶ್ವಾಸಕೋಶವು ಹಿಗ್ಗಿ ನಿಂತಿರುತ್ತದೆ. ಗುಂಡೋ ಈಟಿಯೋ ಎದೆಗೆ ತೂತು ಮಾಡಿ ಗಾಳಿ ಒಳನುಗ್ಗಿದೊಡನೆ ಶ್ವಾಸಕೋಶವು ಕುಸಿದು ಮುದುಡುತ್ತದೆ. ಬಯಲಿನಲ್ಲಿ ಗಾಯಗೊಂಡವನ ಪಾಲಿಗೆ ಇದು ಮೃತ್ಯುವಿನ ದಾರಿ. ಆದರೆ ಇದನ್ನೇ ವೈದ್ಯನು ಅಳತೆಯರಿತು, ಸೂಜಿಯ ಮೂಲಕ ಸ್ವಲ್ಪ ಸ್ವಲ್ಪವಾಗಿ ಗಾಳಿ ತುಂಬಿ ಮಾಡಿದರೆ, ಕ್ಷಯ ತಗಲಿದ ಶ್ವಾಸಕೋಶಕ್ಕೆ ವಿಶ್ರಾಂತಿ ದೊರೆತು, ಅದರೊಳಗಿನ ಕುಹರಗಳು ಮುಚ್ಚಿಕೊಂಡು ಮಾಯಲು ಅವಕಾಶವಾಗುತ್ತದೆ. ಆರೋಗ್ಯಧಾಮದ ವೈದ್ಯರು ಈ ಉಪಾಯವನ್ನು ಅಪಾಯಕರವೆಂದು ಹಿಂಜರಿದರು. ಬೆಥೂನರು ಪಟ್ಟು ಹಿಡಿದು ತಮ್ಮ ಮೇಲೆಯೇ ಅದನ್ನು ಮಾಡಿಸಿಕೊಂಡರು. ಕೆಲವೇ ತಿಂಗಳುಗಳಲ್ಲಿ ಎದ್ದು ಹೊರಟರು.

ಅಲ್ಲಿಂದಾಚೆಗೆ ಅವರ ವೃತ್ತಿಯ ಗುರಿ ಸ್ಥಿರವಾಯಿತು. 1928ರಲ್ಲಿ ಮಾಂಟ್ರಿಯಲ್ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಎದೆಯ ಶಸ್ತ್ರವಿದ್ಯೆಯಲ್ಲಿ ಹೆಸರಾಂತ ಎಡ್ವರ್ಡ್ ಆರ್ಚಿಬಾಲ್ಡರ ಸಹಾಯಕರಾದರು. ಉಪಕರಣಗಳ ನಿರ್ಮಾಣದಲ್ಲಿ ಅವರದು ಅಪೂರ್ವ ಪ್ರತಿಭೆ. ಪಕ್ಕೆಲುಬು ಕತ್ತರಿಸಲು ಉದ್ದ ಹಿಡಿಯ ಕತ್ತರಿಯೊಂದನ್ನು ರೂಪಿಸಿದರು. ಚಮ್ಮಾರನ ಕೈಯಲ್ಲಿದ್ದ ಸಲಕರಣೆಯನ್ನು ಕಂಡು ಅದರ ಕಲ್ಪನೆ ಹೊಳೆಯಿತೆಂದು ಪ್ರತೀತಿ. ಆ ಕತ್ತರಿಗೆ ಇಂದಿಗೂ ಬೆಥೂನರ ಹೆಸರೇ ಇದೆ. ಗಾಯದ ಅಂಚನ್ನು ಗಂಟೆಗಟ್ಟಲೆ ಎಳೆದು ಹಿಡಿಯುವ ಕಿರಿಯ ವೈದ್ಯನ ಬದಲಿಗೆ ನಿಲ್ಲುವ ಯಂತ್ರವೊಂದನ್ನೂ ಮಾಡಿ ಅದಕ್ಕೆ ಕಬ್ಬಿಣದ ಸಹಾಯಕನೆಂದು ವಿನೋದವಾಗಿ ಹೆಸರಿಟ್ಟರು. ಫಿಲಡೆಲ್ಫಿಯಾದ ಪಿಲ್ಲಿಂಗ್ ಕಂಪನಿಯು ಈ ಉಪಕರಣಗಳನ್ನು ತಯಾರಿಸಿ ಮಾರಿತು. 1933ರ ಹೊತ್ತಿಗೆ ಅದೇ ನಗರದ ಹೊರವಲಯದ ಸಾಕ್ರೆ ಕೇರ್ ಆಸ್ಪತ್ರೆಯಲ್ಲಿ ಎದೆಯ ಶಸ್ತ್ರಚಿಕಿತ್ಸೆಯ ಮುಖ್ಯಸ್ಥರಾಗಿದ್ದರು.

ಅವರು ದೋಷರಹಿತರೆಂದು ಚಿತ್ರಿಸಿದರೆ ಸತ್ಯಕ್ಕೆ ಅಪಚಾರವಾದೀತು. ಮುಂಗೋಪ, ಮದ್ಯದ ಚಟ, ಸಹೋದ್ಯೋಗಿಗಳ ಮೇಲೆ ಹರಿಹಾಯುವ ನಾಲಿಗೆ, ಶಸ್ತ್ರಕ್ರಿಯೆಯಲ್ಲಿ ಕೆಲವೊಮ್ಮೆ ಅತಿವೇಗ, ಇವೆಲ್ಲವೂ ಇದ್ದವು. ಬಿಟ್ಟ ಹೆಂಡತಿಯನ್ನೇ 1929ರಲ್ಲಿ ಮತ್ತೆ ಮದುವೆಯಾಗಿ 1933ರಲ್ಲಿ ಮತ್ತೆ ಬಿಟ್ಟರು. ಆರ್ಚಿಬಾಲ್ಡರಂಥ ಶಾಂತಸ್ವಭಾವದ ಹಿರಿಯರಿಗೂ ಅವರೊಡನೆ ಹೊಂದಿಕೊಂಡು ಹೋಗುವುದು ಕಷ್ಟವಾಯಿತು.

ಆದರೆ ಈ ಅಸಹನೆಯ ಒಂದು ಭಾಗವು ಸಕಾರಣವಾದುದು. ಕ್ಷಯರೋಗಿಗಳು ಅವರ ಬಳಿಗೆ ಬರುತ್ತಿದ್ದುದು ರೋಗವು ಬಲಿತ ಮೇಲೆ. ಎರಡೂ ಶ್ವಾಸಕೋಶಗಳು ಕೆಟ್ಟ ಮೇಲೆ ಯಾವ ಕತ್ತರಿಯಿಂದ ಏನು ಪ್ರಯೋಜನ? 1932ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಲೇಖನ ಬರೆದು, ರೋಗದ ಆರಂಭದಲ್ಲಿಯೇ ಶ್ವಾಸಕೋಶವನ್ನು ಕುಗ್ಗಿಸುವ ಚಿಕಿತ್ಸೆ ಮಾಡಬೇಕೆಂದು ವಾದಿಸಿದರು. ಆರಂಭದಲ್ಲಿಯೇ ಚಿಕಿತ್ಸೆಯಾಗಬೇಕಾದರೆ ಆರಂಭದಲ್ಲಿಯೇ ರೋಗ ಪತ್ತೆಯಾಗಬೇಕು. ಹಾಗೆ ಪತ್ತೆಯಾಗಬೇಕಾದರೆ, ಕೆಮ್ಮು ಬಂದೊಡನೆ ವೈದ್ಯನ ಬಾಗಿಲಿಗೆ ಹೋಗಲು ರೋಗಿಯ ಕೈಯಲ್ಲಿ ಹಣವಿರಬೇಕು. ಜನಸಾಮಾನ್ಯರಿಗೆ ಈ ವಿಷಯವನ್ನು ಮುಟ್ಟಿಸಲು ರೇಡಿಯೋಕ್ಕೆಂದು ಒಂದು ಕಿರುನಾಟಕವನ್ನೂ ಬರೆದರು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ನಿರುದ್ಯೋಗಿಗಳಿಗೆ ಉಚಿತ ಚಿಕಿತ್ಸೆ ನಡೆಸಿದರು. ಗುಣವಾಗಿ ಮನೆಗೆ ಹೋದವರು ಅದೇ ಕತ್ತಲೆಯ ಕೋಣೆ, ಅದೇ ಅರೆಹೊಟ್ಟೆಯ ಬಾಳಿನಲ್ಲಿ ಮತ್ತೆ ಕ್ಷಯಕ್ಕೆ ತುತ್ತಾಗಿ ಮರಳುವುದನ್ನು ಕಂಡು ಕುದಿದರು. 1935ರಲ್ಲಿ ಸೋವಿಯತ್ ದೇಶಕ್ಕೆ ಹೋಗಿ ಅಲ್ಲಿನ ಕ್ಷಯನಿವಾರಣಾ ವ್ಯವಸ್ಥೆಯನ್ನು ನೋಡಿಬಂದರು. ಅದೇ ವರ್ಷ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. ವೈದ್ಯರು, ದಾದಿಯರು, ಸಮಾಜಸೇವಕರನ್ನು ಕೂಡಿಸಿಕೊಂಡು, ಸರ್ವರಿಗೂ ಸರ್ಕಾರದ ವತಿಯಿಂದ ವೈದ್ಯಸೇವೆ ದೊರೆಯಬೇಕೆಂಬ ಯೋಜನೆಯನ್ನು 1936ರಲ್ಲಿ ಮುಂದಿಟ್ಟರು. ವೈದ್ಯಸಂಘದವರೂ ರಾಜಕಾರಣಿಗಳೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆನಡಾದ ಸಂಸತ್ತು ಅಂಥ ಶಾಸನವನ್ನು ಮಾಡಿದ್ದು ಮೂವತ್ತು ವರ್ಷಗಳ ನಂತರ, 1966ರಲ್ಲಿ.

1936ರ ನವೆಂಬರ್ 3ರಂದು ಅವರು ಮ್ಯಾಡ್ರಿಡ್ ನಗರದಲ್ಲಿದ್ದರು. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯ ಪಕ್ಷಕ್ಕೆ ಸೇವೆ ಸಲ್ಲಿಸಲೆಂದು ಹೋದ ಅವರಿಗೆ ಅಲ್ಲಿ ಶಸ್ತ್ರವೈದ್ಯರ ಕೊರತೆ ಅಷ್ಟಾಗಿ ಕಾಣಲಿಲ್ಲ. ಗಾಯಾಳುಗಳು ಶಸ್ತ್ರವೈದ್ಯನ ಮೇಜನ್ನು ತಲುಪುವ ಮೊದಲೇ ರಕ್ತಸ್ರಾವದಿಂದ ಸಾಯುತ್ತಿದ್ದರು. ನಗರದ ದಾನಿಗಳಿಂದ ರಕ್ತವನ್ನು ತೆಗೆದು, ಹೆಪ್ಪುಗಟ್ಟದಂತೆ ಸೋಡಿಯಂ ಸಿಟ್ರೇಟ್ ಬೆರೆಸಿ, ಸೀಸೆಗಳಲ್ಲಿ ತುಂಬಿ ತಂಪುಪೆಟ್ಟಿಗೆಯಲ್ಲಿಟ್ಟು, ಮೋಟಾರು ಗಾಡಿಯಲ್ಲಿ ರಣರಂಗದ ಅಂಚಿಗೆ ಸಾಗಿಸುವ ಸೇವೆಯೊಂದನ್ನು ಕೆಲವೇ ವಾರಗಳಲ್ಲಿ ಕಟ್ಟಿದರು. ಇಂಥ ರಕ್ತಪೂರಣ ಕಾರ್ಯವನ್ನು ಬಾರ್ಸಿಲೋನಾದಲ್ಲಿ ಡಾ. ಫ್ರೆಡರಿಕ್ ಡುರಾನ್ ಹೋರ್ಡಾ ಅವರು ಅದಕ್ಕೂ ಮೊದಲೇ ಆರಂಭಿಸಿದ್ದರು. ಆದ್ದರಿಂದ ಬೆಥೂನರನ್ನು ಆದ್ಯಪ್ರವರ್ತಕರೆಂದು ಹೊಗಳುವುದು ಸರಿಯಲ್ಲ. 1937ರ ಫೆಬ್ರವರಿಯಲ್ಲಿ ಮಲಾಗಾ ನಗರವು ಶತ್ರುವಶವಾಗಿ, ಸಾವಿರಾರು ಜನ ಕಡಲತೀರದ ದಾರಿ ಹಿಡಿದು ಅಲ್ಮೇರಿಯಾದ ಕಡೆಗೆ ಕಾಲ್ನಡಿಗೆಯಲ್ಲಿ ಓಡಿಬರುತ್ತಿದ್ದಾಗ, ಬೆಥೂನರು ತಮ್ಮ ರಕ್ತದ ಗಾಡಿಯನ್ನು ಬರಿದು ಮಾಡಿ, ಮಕ್ಕಳನ್ನೂ ಹೆಂಗಸರನ್ನೂ ತುಂಬಿಕೊಂಡು ಹಲವು ದಿನ ಹಗಲಿರುಳು ಸಾಗಿಸಿದರು. ಆದರೆ ಅಧಿಕಾರಿಗಳೊಡನೆಯೂ ಸಂಗಡಿಗರೊಡನೆಯೂ ವಿರಸ ಬೆಳೆದು, ಅದೇ ವರ್ಷ ಸ್ಪೇನನ್ನು ಬಿಡಬೇಕಾಯಿತು. ಅಲ್ಲಿಂದ ಅವರು ಮರಳಿದ್ದು ಸಂತೃಪ್ತರಾಗಿ ಅಲ್ಲ.

1938ರ ಜನವರಿಯಲ್ಲಿ ವ್ಯಾಂಕೂವರ್ ಬಂದರಿನಿಂದ ಹಡಗು ಹತ್ತಿ ಚೀನಾಕ್ಕೆ ಹೊರಟರು. ಜಪಾನಿನ ಸೈನ್ಯವು ಚೀನಾದೊಳಕ್ಕೆ ನುಗ್ಗಿ ಆಗಲೇ ಆರು ತಿಂಗಳಾಗಿತ್ತು. ಜೊತೆಯಲ್ಲಿ ಚೀನೀ ಭಾಷೆ ಬಲ್ಲ ಜೀನ್ ಯೂವೆನ್ ಎಂಬ ದಾದಿಯಿದ್ದರು. ಮಾರ್ಚ್ ಕೊನೆಗೆ ಯೆನಾನ್ ಸೇರಿ ಮಾವೋ ಅವರನ್ನು ಕಂಡು, ಜೂನ್ ತಿಂಗಳಿಗೆ ಶಾನ್‌ಸಿ ಮತ್ತು ಹಬೇ ಪ್ರಾಂತಗಳ ನಡುವಣ ಊತಾಯ್ ಪರ್ವತಪ್ರದೇಶವನ್ನು ತಲುಪಿದರು. ರೈಲಿಲ್ಲ, ರಸ್ತೆಯಿಲ್ಲ, ವಿದ್ಯುತ್ತಿಲ್ಲ. ಮಣ್ಣಿನ ಮನೆಗಳಲ್ಲಿ, ಮರದ ಹಲಗೆಗಳ ಮೇಲೆ, ತಿಂಗಳುಗಟ್ಟಲೆ ಕೀವು ಸುರಿವ ಗಾಯಗಳೊಡನೆ ಸೈನಿಕರು ಮಲಗಿದ್ದರು. ವಿಧಿವತ್ತಾಗಿ ವೈದ್ಯಶಾಸ್ತ್ರ ಕಲಿತವರು ಅಲ್ಲಿ ಬೆರಳೆಣಿಕೆಯಷ್ಟು. ಅವರಿಗೆ ತಿಂಗಳಿಗೆ 100 ಯುವಾನ್ ಭತ್ಯೆ ಗೊತ್ತುಮಾಡಿದಾಗ, ಅದನ್ನು ತಾವು ಮುಟ್ಟದೆ ಗಾಯಾಳುಗಳ ತಂಬಾಕಿಗೆ ಬಳಸುವಂತೆ ಹೇಳಿದರು.

ಮೊದಲು ಅವರು ಯೋಚಿಸಿದ್ದು ಎಲ್ಲ ಒಳ್ಳೆಯ ವೈದ್ಯರೂ ಯೋಚಿಸುವಂತೆಯೇ: ಒಂದು ಉತ್ತಮ ಆಸ್ಪತ್ರೆ ಬೇಕು. ಸುಂಗ್‌ಯಾನ್‌ಕೋ ಎಂಬ ಹಳ್ಳಿಯಲ್ಲಿ ಊರಿನ ಬಡಗಿ ಕಮ್ಮಾರರಿಂದ ಮುರಿದ ಕಾಲಿಗೆ ಕಟ್ಟುವ ದಬ್ಬೆ, ಡೋಲಿ, ಇಕ್ಕುಳ ಎಲ್ಲವನ್ನೂ ಮಾಡಿಸಿದರು. 1938ರ ಸೆಪ್ಟೆಂಬರ್ 15ರಂದು ಮಾದರಿ ಆಸ್ಪತ್ರೆಯು ಸಂಭ್ರಮದಿಂದ ಆರಂಭವಾಯಿತು. ಕೆಲವೇ ವಾರಗಳಲ್ಲಿ ಜಪಾನಿ ಸೈನ್ಯವು ಬಂದು ಅದನ್ನು ಧ್ವಂಸ ಮಾಡಿತು.

ಬೆಥೂನರ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿರಲಿಲ್ಲ; ಆದರೆ ಅವರು ಇದರಿಂದ ಕಲಿತಷ್ಟು ಬೇರಾವುದರಿಂದಲೂ ಕಲಿಯಲಿಲ್ಲ. ಒಂದೆಡೆ ನಿಲ್ಲದ ಯುದ್ಧದಲ್ಲಿ ಒಂದೆಡೆ ನಿಂತ ಆಸ್ಪತ್ರೆಯು ಶತ್ರುವಿಗೆ ಗುರಿ. ಅಲ್ಲದೆ, ಅದು ನಿಂತಿದ್ದರೂ ಗಾಯಾಳುವನ್ನು ಬೆಟ್ಟದ ಕಾಲುದಾರಿಯಲ್ಲಿ ಡೋಲಿಯ ಮೇಲೆ ತರುವ ಹೊತ್ತಿಗೆ ದಿನಗಳೇ ಉರುಳುತ್ತಿದ್ದವು. ಗುಂಡು ಹೊಕ್ಕ ಗಾಯದಲ್ಲಿ ಬಟ್ಟೆಯ ಚೂರು, ಮಣ್ಣು, ಸತ್ತ ಮಾಂಸ ಸೇರಿರುತ್ತವೆ. ಕೆಲವು ಗಂಟೆಗಳೊಳಗೆ ಅದನ್ನು ಬಿಡಿಸಿ ಸ್ವಚ್ಛಗೊಳಿಸಿದರೆ ಗಾಯವು ಮಾಯುತ್ತದೆ. ತಡವಾದರೆ ಕೊಳೆತು, ಕಾಲು ಕಡಿಯಬೇಕಾಗುತ್ತದೆ, ಇಲ್ಲವೇ ಪ್ರಾಣ ಹೋಗುತ್ತದೆ. ಪೆನಿಸಿಲಿನ್ ಬರುವುದಕ್ಕೆ ಹಿಂದಿನ ಆ ದಿನಗಳಲ್ಲಿ ಇದಕ್ಕೆ ಪರ್ಯಾಯವೇ ಇರಲಿಲ್ಲ. ಮಾಂಟ್ರಿಯಲ್ಲಿನಲ್ಲಿ ಕ್ಷಯದ ವಿಷಯದಲ್ಲಿ ತಿಂಗಳುಗಳ ಲೆಕ್ಕದಲ್ಲಿ ಹೇಳಿದ್ದನ್ನೇ ಇಲ್ಲಿ ಗಂಟೆಗಳ ಲೆಕ್ಕದಲ್ಲಿ ಹೇಳಬೇಕಾಯಿತು.

ಹೀಗಾಗಿ ಶಸ್ತ್ರಶಾಲೆಯೇ ಹೇಸರಗತ್ತೆಗಳ ಬೆನ್ನೇರಿತು. ಹೇರು ಹೊರಿಸುವ ಜೀನಿನ ಆಕಾರದಲ್ಲಿ, ಸೇತುವೆಯಂತೆ ಬಾಗಿದ ಮರದ ಚೌಕಟ್ಟೊಂದನ್ನು ರೂಪಿಸಿ, ಅದರ ಎರಡೂ ಬದಿಗೆ ಔಷಧಿ, ಪಟ್ಟಿ, ಉಪಕರಣಗಳಿಗೆ ಖಾನೆಗಳನ್ನು ಮಾಡಿಸಿದರು. ಯುದ್ಧವು ಆರಂಭವಾದ ಸ್ಥಳದ ನೆನಪಿಗೆ ಅದಕ್ಕೆ ಲುಗೋ ಸೇತುವೆ ಎಂದೇ ಹೆಸರಾಯಿತು. ಮಿತ ಸಂಖ್ಯೆಯ ಸಹಾಯಕರೊಡನೆ ಈ ತಂಡವು ಕದನ ನಡೆಯುವ ಕಡೆಗೆ ಧಾವಿಸಿ, ಗುಡಿಯಲ್ಲೋ ಗುಡಿಸಲಿನಲ್ಲೋ ಬಿಳಿಯ ಬಟ್ಟೆ ಕಟ್ಟಿ ಕೆಲಸಕ್ಕೆ ತೊಡಗುತ್ತಿತ್ತು. 1938ರ ನವೆಂಬರ್ ಕೊನೆಯಲ್ಲಿ ಹೈಸು ಎಂಬಲ್ಲಿ 40 ಗಂಟೆಗಳಲ್ಲಿ 71 ಶಸ್ತ್ರಕ್ರಿಯೆಗಳು ನಡೆದವು. 1939ರ ಏಪ್ರಿಲಿನಲ್ಲಿ ಚೀಹ್ವೇ ಕದನದಲ್ಲಿ 69 ಗಂಟೆಗಳಲ್ಲಿ 115. ಆದರೆ ಬೆಥೂನರು ತಮ್ಮ ವರದಿಗಳಲ್ಲಿ ಈ ಸಂಖ್ಯೆಗಿಂತ ಹೆಚ್ಚಾಗಿ ಇನ್ನೊಂದು ಲೆಕ್ಕವನ್ನು ಗಮನಿಸಿದರು: ಗುಂಡು ತಗುಲಿದ ಎಷ್ಟು ಹೊತ್ತಿಗೆ ಚಿಕಿತ್ಸೆ ದೊರೆಯಿತು, ಅವರಲ್ಲಿ ಎಷ್ಟು ಜನರ ಗಾಯ ಕೀವಾಗದೆ ಉಳಿಯಿತು.

ರಕ್ತದಾನವೆಂದರೇನೆಂದು ಅರಿಯದ ಹಳ್ಳಿಯವರ ಮುಂದೆ ಅವರು ತಮ್ಮ ತೋಳನ್ನೇ ಚಾಚಿ ರಕ್ತ ಕೊಟ್ಟರು. ಸ್ಪೇನಿನ ತಂಪುಪೆಟ್ಟಿಗೆ ಇಲ್ಲಿರಲಿಲ್ಲ. ಗ್ರಾಮಸ್ಥರ ದಾನಿಪಡೆಯೇ ಜೀವಂತ ರಕ್ತಭಂಡಾರವಾಯಿತು. ತಾವೊಬ್ಬರೇ ಎಷ್ಟು ಓಡಾಡಿದರೂ ಸಾಲದೆಂದು ಬಲ್ಲ ಅವರು ಹಳ್ಳಿಯ ಹುಡುಗರನ್ನು ಸಾಲಾಗಿ ಕೂರಿಸಿ ಅಂಗರಚನೆ, ಗಾಯದ ಆರೈಕೆ, ಶುಚಿತ್ವಗಳನ್ನು ದುಭಾಷಿಯ ಮೂಲಕ ಕಲಿಸಿದರು. ಒಂದು ವಾರವಿಡೀ ಪ್ರಾಯೋಗಿಕ ಶಿಬಿರ ನಡೆಸಿ, ವೈದ್ಯರಿಂದಲೇ ದಾದಿಯರ ಹಾಗೂ ಜವಾನರ ಕೆಲಸಗಳನ್ನು ಮಾಡಿಸಿದರು. ಪಾಠ ಹೇಳುವವರೆಲ್ಲರೂ ಮೆಚ್ಚಬೇಕಾದ ಕ್ರಮವಿದು. ರಾತ್ರಿ ದೀಪದ ಬೆಳಕಿನಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತು, ಗೆರಿಲ್ಲಾ ಯುದ್ಧದ ಆಸ್ಪತ್ರೆಗಳ ವ್ಯವಸ್ಥೆ ಹೇಗಿರಬೇಕೆಂಬುದರ ಕೈಪಿಡಿಯನ್ನು ಚಿತ್ರಸಹಿತ ಬರೆದರು. ತಾವು ಕಾಲಿಡಲಾಗದ ಕಣಿವೆಗಳಲ್ಲಿಯೂ ಆ ಹಾಳೆಗಳ ಮೂಲಕ ಗಾಯ ಕಟ್ಟುವ ಕೈಗಳಿಗೆ ಅವರು ದಾರಿ ತೋರಿದರು. ಹಿಂದೆ ಹರಿಹಾಯುತ್ತಿದ್ದ ಬೆಥೂನರು ಇಲ್ಲಿಯೂ ಗದರುತ್ತಿದ್ದರು. ಆದರೆ ಗದರಿದವರ ಪಕ್ಕದಲ್ಲಿಯೇ ನಿಂತು ಅದೇ ಪಟ್ಟಿಯನ್ನು ಮತ್ತೆ ಕಟ್ಟಿ ತೋರಿಸುತ್ತಿದ್ದರು. ಚೀನೀಯರು ಅವರನ್ನು ಬೈ ಚಿಯುಎನ್ ಎಂದು ಕರೆದರು.

1939ರ ಶರತ್ಕಾಲದಲ್ಲಿ ಕೆನಡಾಕ್ಕೆ ಹೋಗಿ ಹಣ, ಔಷಧಿ ಕೂಡಿಸಿ ತರುವ ಸಿದ್ಧತೆ ನಡೆದಿತ್ತು. ಅಷ್ಟರಲ್ಲಿ ಶತ್ರುವಿನ ಆಕ್ರಮಣ ತೊಡಗಿದ್ದರಿಂದ ಪ್ರಯಾಣವನ್ನು ಮುಂದೂಡಿದರು. ಅಕ್ಟೋಬರ್ ಕೊನೆಯಲ್ಲಿ, ಲೈಯುವಾನ್ ಜಿಲ್ಲೆಯ ಪರ್ವತದಡಿಯ ಸಣ್ಣ ಗುಡಿಯೊಂದರಲ್ಲಿ, ಶತ್ರುಸೈನ್ಯವು ಸಮೀಪಿಸುತ್ತಿದ್ದಾಗಲೇ ಅವಸರದಿಂದ ಶಸ್ತ್ರಕ್ರಿಯೆ ನಡೆಸುತ್ತಿದ್ದ ಬೆಥೂನರ ಎಡಗೈ ಬೆರಳಿಗೆ ಗಾಯವಾಯಿತು. ರಬ್ಬರ್ ಕೈಚೀಲಗಳು ಇರಲಿಲ್ಲ. ಬೆರಳನ್ನು ಅಯೊಡೀನಿನಲ್ಲಿ ಅದ್ದಿ ಕೆಲಸ ಮುಂದುವರಿಸಿದರು. ಕೆಲವು ದಿನಗಳ ಮೇಲೆ, ತೀವ್ರ ಸೋಂಕು ತಗುಲಿದ ತಲೆಯ ಗಾಯವುಳ್ಳ ಸೈನಿಕನಿಗೆ ಅದೇ ಬರಿಗೈಯಿಂದ ಚಿಕಿತ್ಸೆ ಮಾಡಿದರು. ವಿಷವು ಬೆರಳಿನಿಂದ ತೋಳಿಗೆ, ತೋಳಿನಿಂದ ರಕ್ತಕ್ಕೆ ಏರಿತು. ಮೊದಲೇ ಮೈ ಕೃಶವಾಗಿತ್ತು. ಜ್ವರದಲ್ಲಿ ಮಲಗಿಯೂ, ತಲೆಗೆ, ಹೊಟ್ಟೆಗೆ ಗಾಯವಾದವರು ಬಂದರೆ ನಿದ್ರೆಯಿಂದಲಾದರೂ ತಮ್ಮನ್ನು ಎಬ್ಬಿಸಬೇಕೆಂದು ಆಜ್ಞೆ ಮಾಡಿದ್ದರು. ತೋಳನ್ನು ಕತ್ತರಿಸುವ ಮಾತು ಬಂದಾಗ, ಕಾಲ ಮೀರಿತೆಂಬುದನ್ನು ತಾವೇ ನಿರ್ಣಯಿಸಿ ತಿಳಿಸಿದರು.

ಕೊನೆಯ ಪತ್ರವನ್ನು ಅವರು ಆ ಪ್ರದೇಶದ ಸೇನಾನಿ ನಿಯೆ ರೋಂಗ್‌ಜೆನ್ ಅವರಿಗೆ ಬರೆದರು. ತಮ್ಮ ಮಡಿಸುವ ಮಂಚಗಳು, ಬೂಟುಗಳು, ಉಪಕರಣಗಳು ಯಾರಿಗೆ ಸೇರಬೇಕೆಂದು ಸೂಚಿಸಿದರು. ವಿಚ್ಛೇದಿತ ಪತ್ನಿಗೆ ಜೀವನಕ್ಕೆ ಸ್ವಲ್ಪ ಹಣ ಕಳಿಸುವಂತೆ ಕೋರಿದರು. ಬಳಿಕ, ಮಲೇರಿಯಾ ಹಾಗೂ ರಕ್ತಹೀನತೆಯ ರೋಗಿಗಳಿಗಾಗಿ ಪ್ರತಿವರ್ಷ 250 ಪೌಂಡು ಕ್ವಿನೈನ್, 300 ಪೌಂಡು ಕಬ್ಬಿಣದ ಲವಣ ಕೊಳ್ಳಬೇಕೆಂದೂ, ಬಾವ್‌ಡಿಂಗ್ ಮತ್ತು ತಿಯಾನ್‌ಜಿನ್ ನಗರಗಳಲ್ಲಿ ಬೆಲೆ ದುಬಾರಿಯಾದ ಕಾರಣ ಅಲ್ಲಿ ಔಷಧಿಯನ್ನು ಕೊಳ್ಳಬಾರದೆಂದೂ ಬರೆದರು. 1939ರ ನವೆಂಬರ್ 12ರ ನಸುಕಿನಲ್ಲಿ, ಹಬೇ ಪ್ರಾಂತದ ಹ್ವಾಂಗ್‌ಶೀಕೋ ಎಂಬ ಹಳ್ಳಿಯ ರೈತನ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 49 ವರ್ಷ. ಮರುತಿಂಗಳು ಮಾವೋ ಅವರು ಬರೆದ ಸ್ಮರಣಲೇಖನದಿಂದಾಗಿ, ಬದುಕಿದ್ದಾಗ ತಾಯ್ನಾಡಿನಲ್ಲಿ ವಿವಾದಕ್ಕೆ ಗುರಿಯಾಗಿದ್ದ ಈ ಹೆಸರನ್ನು ಚೀನಾದ ಶಾಲಾಮಕ್ಕಳೆಲ್ಲರೂ ಕಲಿತರು. ಕೆನಡಾ ಸರ್ಕಾರವು ಅವರ ಮಹತ್ವವನ್ನು ಒಪ್ಪಿದ್ದು 1972ರಲ್ಲಿ. ಜನ್ಮಗೃಹವು ಸ್ಮಾರಕವಾಗಿ ತೆರೆದದ್ದು 1976ರಲ್ಲಿ.

ಭಾರತದ ರಾಷ್ಟ್ರೀಯ ಕಾಂಗ್ರೆಸ್ 1938ರಲ್ಲಿ ಚೀನಾಕ್ಕೆ ಕಳಿಸಿದ ಐವರು ವೈದ್ಯರಲ್ಲಿ ಕೋಟ್ನೀಸರೂ ಒಬ್ಬರು. ಅವರು ಆ ಪರ್ವತಪ್ರದೇಶವನ್ನು ತಲುಪಿದ್ದು 1940ರಲ್ಲಿ. ಇಬ್ಬರೂ ಒಂದೇ ಕೆಲಸದಲ್ಲಿ ಒಬ್ಬರನ್ನೊಬ್ಬರು ನೋಡಲಿಲ್ಲ. ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಹೊಣೆ ಹೊತ್ತ ಮೇಲೆ ಕೋಟ್ನೀಸರು ಚೀನೀ ಭಾಷೆಯಲ್ಲಿಯೇ ಪಾಠ ಹೇಳುವಷ್ಟು ಪರಿಣತಿ ಪಡೆದರು, ಅಲ್ಲಿಯ ದಾದಿಯನ್ನೇ ಮದುವೆಯಾದರು, ಬೆಥೂನರು ಕಲಿಸಿದ ಹುಡುಗರ ಮುಂದಿನ ತಂಡಗಳನ್ನು ಕಲಿಸಿದರು. 1942ರ ಡಿಸೆಂಬರ್ 9ರಂದು ಅವರು ಅಪಸ್ಮಾರದಿಂದ ತೀರಿಕೊಂಡಾಗ, ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದ ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕವು ನಡುವಿನಲ್ಲಿಯೇ ನಿಂತಿತ್ತು. ಇಬ್ಬರ ಸಮಾಧಿಗಳೂ ಈಗ ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿವೆ.